ಮಾನ್ವಿಯ ದಾಸರ ಕಥೆಯೂ ಮಕ್ಕಳ ನೀತಿಪಾಠವೂ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲು ಇರುವುದನ್ನು ಆ ಊರನ್ನು ಕಂಡವರೆಲ್ಲರೂ ಬಲ್ಲರು. ಕೋಟೆಯ ನಿರ್ಮಾಣವನ್ನು ತಿಳಿಸುವ 1294ನೆಯ ಇಸವಿಯ ಶಾಸನ ಅದರ ಮೇಲಿದೆ. ಆದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಅವರು ನೋಡುವುದು ಶಾಸನವನ್ನಲ್ಲ. ಅಲ್ಲಿಯೇ ಕೊರೆದಿರುವ ಚಿತ್ರವನ್ನು. ಆ ಮಹಾಶಿಲೆಯನ್ನು ಬಂಡಿಯ ಮೇಲೇರಿಸಿದ್ದಾರೆ, ಕೋಣಗಳ ಉದ್ದನೆಯ ಸಾಲು ಅದನ್ನು ಎಳೆಯುತ್ತಿದೆ, ಹೊಡೆಯುವವರು ಹುರಿದುಂಬಿಸುತ್ತಿದ್ದಾರೆ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರೂ ಇದ್ದಾರೆ. ಕಲ್ಲು ಎಲ್ಲಿಂದ ಬಂದಿತು, ದಾರಿಯಲ್ಲಿ ಗಾಲಿ ಮುರಿದಿತೆ, ಕೋಣಗಳಿಗೆ ನೀರು ಕುಡಿಸಿದವರು ಯಾರು ಎಂದು ಮಕ್ಕಳು ತಾವೇ ಕಥೆ ಕಟ್ಟತೊಡಗುತ್ತಾರೆ. ಈ ಚಿತ್ರದಿಂದ ಕಲಿಯತಕ್ಕ ನೀತಿ ಏನು ಎಂದು ಕೋಟೆಯ ಗೋಡೆ ಅವರನ್ನು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವವರು ಉಪಾಧ್ಯಾಯರಾದ ನಾವು.

ಕಥೆಯ ಕೊನೆಗೆ ನೀತಿವಾಕ್ಯವನ್ನು ಕಟ್ಟುವ ಈ ಪದ್ಧತಿ ನಾವು ಭಾವಿಸಿರುವಷ್ಟು ಸಹಜವಾದದ್ದಲ್ಲ. ಗ್ರೀಕರ ಈಸೋಪನ ಹೆಸರಿನಲ್ಲಿ ಬಂದಿರುವ ಕಥೆಗಳ ಬಾಲದಲ್ಲಿರುವ ಉಪದೇಶಗಳು ಬಹುಮಟ್ಟಿಗೆ ಮುಂದಿನ ಸಂಗ್ರಾಹಕರು ಕೂಡಿಸಿದವು. ಒಂದೇ ಕಥೆಗೆ ಬೇರೆ ಬೇರೆ ಸಂಗ್ರಹಗಳಲ್ಲಿ ಬೇರೆ ಬೇರೆ ಉಪದೇಶಗಳು ಅಂಟಿಕೊಂಡಿರುವುದೂ ಉಂಟು. ನಮ್ಮಲ್ಲಿ ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ, ವಸುಭಾಗನ ಪಾಠವನ್ನು ಅನುಸರಿಸಿ, ಪಂಚತಂತ್ರವನ್ನು ಕನ್ನಡಿಸಿದನು. ಅದರಲ್ಲಿ ನೀತಿಯೆಂದರೆ ರಾಜನೀತಿ, ಲೋಕದಲ್ಲಿ ಬದುಕುವ ಜಾಣ್ಮೆ. ನರಿಯು ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಮುರಿಯುತ್ತದೆ, ಎತ್ತು ಸಾಯುತ್ತದೆ. ಅದನ್ನು ಓದಿ ರಾಜಕುಮಾರನು ಮಂತ್ರಿಗಳ ಮಾತನ್ನು ಸೋಸಿ ಕೇಳುವುದನ್ನು ಕಲಿತಾನು. ಎಂಟು ವರ್ಷದ ಹುಡುಗನಿಗೆ ಅದೇ ಕಥೆಯನ್ನು ಹೇಳಿ ‘ಸ್ನೇಹಿತರನ್ನು ನಂಬಬೇಕು’ ಎಂದು ಬರೆಯಿಸುವುದು ಕಥೆಗೂ ನ್ಯಾಯವಲ್ಲ, ಹುಡುಗನಿಗೂ ನ್ಯಾಯವಲ್ಲ.

ಈ ಮಾತು ಬರಿಯ ವಿದ್ವಚ್ಚರ್ಚೆಯಾಗಿ ಉಳಿಯಬಾರದು. ಕಟ್ಟಿದ ನೀತಿವಾಕ್ಯದಿಂದ ಮಗುವಿನ ಮನಸ್ಸಿಗೆ ಕೇಡೂ ಆಗಬಹುದು ಎಂಬುದನ್ನು ತೋರಿಸಲು ರಾಯಚೂರು ಸೀಮೆಯಲ್ಲಿಯೇ ಪ್ರಸಿದ್ಧವಾದ ಒಂದು ಕಥೆಯನ್ನು ತೆಗೆದುಕೊಳ್ಳುತ್ತೇನೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲ ಅರಸರ ಕಣ್ಣಿಗೆ ಯುದ್ಧಭೂಮಿಯಾಗಿ ಕಂಡದ್ದೇ ಹೆಚ್ಚು. ಹದಿನೆಂಟನೆಯ ಶತಮಾನದಲ್ಲಿ ಇದೇ ನೆಲದ ಮೂರು ಚಿಕ್ಕ ಹಳ್ಳಿಗಳಲ್ಲಿ ಹುಟ್ಟಿದ ಮೂವರು ದಾಸಸಾಹಿತ್ಯಕ್ಕೆ ಎರಡನೆಯ ಹುಟ್ಟನ್ನು ಕೊಟ್ಟರು. ತುಂಗಭದ್ರೆಯ ದಡದ ಚೀಕಲಪರವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಬಳಿಯ ಬ್ಯಾಗವಟ್ಟಿಯ ಜಗನ್ನಾಥದಾಸರು. ಚೀಕಲಪರವಿ, ಬ್ಯಾಗವಟ್ಟಿಗಳು ಮಾನ್ವಿ ತಾಲ್ಲೂಕಿಗೇ ಸೇರಿದವು. ವಿಜಯದಾಸರ ಕಾಲವನ್ನು 1682ರಿಂದ 1755 ಎಂದೂ, ಗೋಪಾಲದಾಸರದನ್ನು 1721ರಿಂದ 1762 ಎಂದೂ, ಜಗನ್ನಾಥದಾಸರದನ್ನು 1728ರಿಂದ 1809 ಎಂದೂ ಸಾಮಾನ್ಯವಾಗಿ ಹೇಳುತ್ತಾರೆ. ಈ ಇಸವಿಗಳನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವುಗಳಿಂದ ಕೆಲಸವಿದೆ.

ಕಥೆ ಹೀಗಿದೆ. ಜಗನ್ನಾಥದಾಸರಿಗೆ ಮೊದಲಿನ ಹೆಸರು ಶ್ರೀನಿವಾಸಾಚಾರ್ಯರು. ಮಂತ್ರಾಲಯದ ವರದೇಂದ್ರ ತೀರ್ಥರಲ್ಲಿ ವ್ಯಾಸಂಗ ಮಾಡಿ, ಚಿಕ್ಕ ವಯಸ್ಸಿನಲ್ಲಿಯೇ ಸಂಸ್ಕೃತದ ದೊಡ್ಡ ಪಂಡಿತರೆನಿಸಿಕೊಂಡು ಮಾನ್ವಿಯಲ್ಲಿ ನೆಲೆಸಿದ್ದರು. ಕನ್ನಡದಲ್ಲಿ ಹಾಡು ಕಟ್ಟಿ, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ದಾಸರೆಂದರೆ ಅವರಿಗೆ ಅಸಡ್ಡೆ. ಒಮ್ಮೆ ವಿಜಯದಾಸರು ಮಾನ್ವಿಗೆ ಬಂದು, ಆಚಾರ್ಯರನ್ನು ಊಟಕ್ಕೆ ಆಹ್ವಾನಿಸಿದರು. ಇಲ್ಲಿ ಕಥೆ ಹೇಳುವವರು ಎರಡು ಬಗೆಯಾಗುತ್ತಾರೆ. ಆಚಾರ್ಯರು ದಾಸರನ್ನು ಬಹಿರಂಗವಾಗಿಯೇ ಹಳಿದರೆಂದು ಕೆಲವರು. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆಂದು ಸುಳ್ಳು ನೆಪ ಹೇಳಿ ತಪ್ಪಿಸಿಕೊಂಡರೆಂದು ಕೆಲವರು. ಹೇಗೇ ಆಗಲಿ, ಅಂದಿನಿಂದ ಅವರಿಗೆ ನಿಜವಾಗಿಯೇ ಹೊಟ್ಟೆನೋವು ಹಿಡಿಯಿತು. ಮದ್ದು ಹತ್ತಲಿಲ್ಲ, ದೇಹ ಸೊರಗಿತು. ಕೊನೆಗೆ ಮಂತ್ರಾಲಯದಲ್ಲಿ ಸೇವೆಗೆ ಕುಳಿತಾಗ, ವಿಜಯದಾಸರಲ್ಲಿಗೇ ಹೋಗು ಎಂದು ಸ್ವಪ್ನದಲ್ಲಿ ಅಪ್ಪಣೆಯಾಯಿತು. ಹೋದರು. ವಿಜಯದಾಸರು ಕೋಪಿಸಿಕೊಳ್ಳಲಿಲ್ಲ, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಸ್ಮರಿಸಿ ಜೋಳದ ರೊಟ್ಟಿಯನ್ನು ಉಣ್ಣಿಸಿದರು. ಅನ್ನದ ಗಂಜಿಯೂ ಇಳಿಯದಿದ್ದ ಹೊಟ್ಟೆಗೆ ರೊಟ್ಟಿ ಇಳಿಯಿತು. ಆಯುಷ್ಯವೇ ತೀರಿದ್ದ ಆ ರೋಗಿಗೆ ಗುರುವಿನ ಮಾತಿನಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಧಾರೆಯೆರೆದರು. ಆಚಾರ್ಯರು ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ‘ಜಗನ್ನಾಥ ವಿಠಲ’ ಎಂಬ ಅಂಕಿತವನ್ನು ಪಡೆದು ದಾಸರಾದರು.

ಬೇಲೂರು ಕೇಶವದಾಸರ ‘ಕರ್ನಾಟಕ ಭಕ್ತವಿಜಯ’ದಂಥ ಗ್ರಂಥಗಳಿಂದ ಈ ಚರಿತ್ರೆ ದೂರದ ಸೀಮೆಗಳಿಗೂ ಪರಿಚಿತವಾಯಿತು. ಮಾನ್ವಿ ದೇವದುರ್ಗಗಳಲ್ಲಿ ಅದಕ್ಕೆ ಗ್ರಂಥ ಬೇಕಾಗಿಯೇ ಇರಲಿಲ್ಲ, ಅಜ್ಜಿಯರೇ ಸಾಕಾಗಿದ್ದರು.

ಈಗ ಶಾಲೆಗೆ ಬರೋಣ. ಈ ಕಥೆಯನ್ನು ಹೇಳಿದ ಮೇಲೆ ವಾಡಿಕೆಯಂತೆ ಬರೆಯಿಸುವ ನೀತಿ: ಹಿರಿಯರನ್ನು ನಿಂದಿಸಬಾರದು, ನಿಂದಿಸಿದರೆ ರೋಗ ಬರುತ್ತದೆ. ಸುಳ್ಳಿನ ಪಾಠವನ್ನು ಹೇಳುವವರಾದರೆ, ಸುಳ್ಳು ಹೇಳಿದರೆ ಅದೇ ನಿಜವಾಗುತ್ತದೆ. ಮಕ್ಕಳಿಗೆ ಈ ಎರಡನೆಯದು ಬಲು ಇಷ್ಟ. ಹೊಟ್ಟೆನೋವೆಂದು ಹೇಳಿ ಶಾಲೆ ತಪ್ಪಿಸುವ ವಿದ್ಯೆಯನ್ನು ಅರಿಯದ ಮಗು ಯಾವ ತಾಲ್ಲೂಕಿನಲ್ಲಿ ತಾನೆ ಇದೆ?

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಈ ಕಥೆ ಮುಗಿದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನಮ್ಮವ್ವಗೂ ಹೊಟ್ಟಿ ನೋವು ಐತ್ರಿ. ಆಕಿ ಯಾರನ್ನ ಬೈದಿದ್ಲು?” ಎಂದು ಕೇಳಿದಳು. ಬೈದವರಿಗೆಲ್ಲ ಹೊಟ್ಟೆನೋವು ಬರುವುದಾದರೆ ಊರಿನ ವೈದ್ಯರಿಗೆ ಉಣ್ಣಲೂ ಪುರುಸೊತ್ತಿರುತ್ತಿರಲಿಲ್ಲವೆಂದು ನಾನು ಹೇಳಿದೆ. ತರಗತಿ ನಕ್ಕಿತು, ಆಕೆ ನಗಲಿಲ್ಲ. ಅವ್ವನನ್ನು ಆಸ್ಪತ್ರೆಗೆ ತೋರಿಸಿದ್ದೀರಾ ಎಂದು ವಿಚಾರಿಸಿದ ಮೇಲೆಯೇ ಅವಳ ಮುಖ ಸಡಿಲವಾದದ್ದು.

ಆ ಪ್ರಶ್ನೆ ತರ್ಕಬದ್ಧವಾದ ಪ್ರಶ್ನೆ. ಪಾಪಕ್ಕೆ ರೋಗವೇ ಶಿಕ್ಷೆ ಎಂದು ನಾವು ಕಲಿಸಿದರೆ, ರೋಗವಿದ್ದಲ್ಲಿ ಪಾಪವಿರಲೇಬೇಕೆಂದು ಮಗು ಹಿಂದುಮುಂದಾಗಿ ಓದಿಕೊಳ್ಳುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರಿರುವ ಮಗುವಿಗೆ ನಾವು ಕಲಿಸಿದ್ದು ಅನುಮಾನ. ಶಿಕ್ಷೆಯ ಭಯದಿಂದ ಹಿರಿಯರಿಗೆ ಕೈಮುಗಿಯುವುದನ್ನು ಕಲಿತ ಮಗು, ಭಯ ಹೋದ ದಿನ ಕೈ ಮುಗಿಯುವುದನ್ನೂ ಬಿಡುತ್ತದೆ ಎಂಬುದು ಬೇರೆ ಮಾತು.

ಹಾಗಾದರೆ ಈ ಕಥೆಯನ್ನು ಶಾಲೆಯಿಂದ ಹೊರಗಿಡಬೇಕೆ? ನನ್ನ ಅಭಿಪ್ರಾಯ ಅದಲ್ಲ. ಕಥೆಯ ತೂಕ ಎಲ್ಲಿದೆಯೆಂಬುದನ್ನು ಹೇಳುವವನು ಮೊದಲು ತೂಗಿ ನೋಡಬೇಕು. ಹೊಟ್ಟೆನೋವು ಕಥೆಯ ಅರ್ಧ ದಾರಿಯಲ್ಲಿ ಬರುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚುವವರು ವಿಜಯದಾಸರನ್ನು ಶಾಪ ಹಾಕುವ ಮುನಿಯನ್ನಾಗಿ ಮಾಡುತ್ತಾರೆ. ಅವಮಾನಿಸಿದವನು ಬಾಗಿಲಿಗೆ ಬಂದಾಗ ಅವರು ಮಾಡಿದ್ದೇನು, ಯಾವ ಋಣವೂ ಇಲ್ಲದ ಮೂರನೆಯವರೊಬ್ಬರು ಕೊಟ್ಟದ್ದೇನು, ಬದುಕಿ ಉಳಿದವನು ಆ ಬದುಕಿನಿಂದ ಏನು ಮಾಡಿದನು ಎಂಬ ಭಾಗವೇ ಈ ಕಥೆಯ ತಿರುಳು.

ಇಲ್ಲಿ ಇಸವಿಗಳಿಗೆ ಕೆಲಸ ಬಂದಿತು. ಗೋಪಾಲದಾಸರು ಬದುಕಿದ್ದು 41 ವರ್ಷ. ಜಗನ್ನಾಥದಾಸರು 81 ವರ್ಷ. ಅಂತರ ಸರಿಯಾಗಿ 40. ಲೆಕ್ಕದಲ್ಲಿ ಚುರುಕಾದ ಹುಡುಗರು ಇದನ್ನು ತಾವೇ ಕಂಡುಹಿಡಿದು ಸಂತೋಷಪಡುತ್ತಾರೆ. ಆಗ ಉಪಾಧ್ಯಾಯನು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ವಿಜಯದಾಸರು 1755ರಲ್ಲಿ ತೀರಿಕೊಂಡರಾದ್ದರಿಂದ ಈ ಘಟನೆ ಅದಕ್ಕೂ ಮುಂಚಿನದಾಗಿರಬೇಕು. ಆಗ ಆಚಾರ್ಯರಿಗೆ ಇಪ್ಪತ್ತೇಳು ವರ್ಷವೂ ತುಂಬಿರಲಾರದು. ಅಲ್ಲಿಂದ ನಲವತ್ತು ವರ್ಷ ಎಣಿಸಿದರೆ 1795ರ ಒಳಗೇ ನಿಲ್ಲುತ್ತದೆ, 1809 ಬರುವುದಿಲ್ಲ. ಒಂದು ದಾರಿಯಲ್ಲಿ ಸರಿಬಂದ ಲೆಕ್ಕ ಇನ್ನೊಂದು ದಾರಿಯಲ್ಲಿ ತಪ್ಪುತ್ತದೆ. ಒಬ್ಬ ಪ್ರತಿಭಾವಂತನು ನಡುವಯಸ್ಸಿನಲ್ಲಿಯೇ ತೀರಿಕೊಂಡನು, ಅವನು ಬದುಕಿಸಿದವನು ಮುಪ್ಪಿನವರೆಗೂ ಬದುಕಿದನು. ಇದನ್ನು ಕಂಡ ಜನರ ಮನಸ್ಸು ಆ ಎರಡು ಆಯುಷ್ಯಗಳ ನಡುವೆ ಒಂದು ದಾನವನ್ನು ಕಂಡಿತು ಎಂದು ನಾನು ಊಹಿಸುತ್ತೇನೆ. ಊಹೆಯನ್ನು ಊಹೆಯೆಂದೇ ಮಕ್ಕಳ ಮುಂದಿಡಬೇಕು. ಇದರಿಂದ ಭಕ್ತಿಗೆ ಕುಂದು ಬರುತ್ತದೆಂದು ಹೆದರುವವರು ಮಕ್ಕಳ ಬುದ್ಧಿಯನ್ನು ಕಡಮೆಯಾಗಿ ಎಣಿಸಿದವರು. ಇದು ನಡೆದದ್ದು, ಇದು ಜನ ನಂಬಿ ಹೇಳಿಕೊಂಡು ಬಂದದ್ದು ಎಂಬ ಎರಡನ್ನೂ ಅವರು ಒಂದೇ ಕೈಯಲ್ಲಿ ಹಿಡಿಯಬಲ್ಲರು.

ಆಯುಷ್ಯವನ್ನು ಕೊಡಲಾದೀತೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಜಗತ್ತಿನ ಬೇರೆ ಜನರೂ ಇದೇ ಆಸೆಯನ್ನು ಕಥೆಯಾಗಿ ಹೇಳಿಕೊಂಡಿದ್ದಾರೆಂದು ಅವರಿಗೆ ತಿಳಿಸಬೇಕು. ಮಹಾಭಾರತದಲ್ಲಿ ಪೂರುವು ತನ್ನ ಯೌವನವನ್ನು ತಂದೆ ಯಯಾತಿಗೆ ಕೊಡುತ್ತಾನೆ. ಮೊಗಲರ ಬಾಬರನು 1530ರಲ್ಲಿ, ಮಗ ಹುಮಾಯೂನನು ಸಾಯುವ ಸ್ಥಿತಿಯಲ್ಲಿದ್ದಾಗ, ಅವನ ಹಾಸಿಗೆಯನ್ನು ಸುತ್ತಿ, ಅವನ ಬದಲಿಗೆ ತನ್ನ ಪ್ರಾಣವನ್ನು ತೆಗೆದುಕೊಳ್ಳೆಂದು ದೇವರನ್ನು ಬೇಡಿಕೊಂಡನು. ಅವನ ಮಗಳು ಗುಲ್ಬದನ್ ಬೇಗಂ ಇದನ್ನು ಬರೆದಿಟ್ಟಿದ್ದಾಳೆ. ಹುಮಾಯೂನನು ಎದ್ದನು, ಬಾಬರನು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು. ರಾಯಚೂರಿನ ತರಗತಿಗಳಲ್ಲಿ ದಾಸರ ಕಥೆ ಒಂದು ಮನೆಯ ಮಕ್ಕಳಿಗೆ, ಬಾಬರನ ಕಥೆ ಇನ್ನೊಂದು ಮನೆಯ ಮಕ್ಕಳಿಗೆ ಹತ್ತಿರವಾದೀತು. ಎರಡನ್ನೂ ಒಂದೇ ಗಂಟೆಯಲ್ಲಿ ಹೇಳಿದರೆ ಯಾರ ಕಥೆ ದೊಡ್ಡದೆಂಬ ಜಗಳ ಹುಟ್ಟುವುದಿಲ್ಲ. ಆದರೂ ಒಂದು ಭೇದವಿದೆ, ಅದನ್ನು ಮಕ್ಕಳೇ ಹೇಳಬಲ್ಲರು. ಬಾಬರನು ಕೊಟ್ಟದ್ದು ಮಗನಿಗೆ. ಪೂರುವು ಕೊಟ್ಟದ್ದು ತಂದೆಗೆ. ಗೋಪಾಲದಾಸರು ಕೊಟ್ಟದ್ದು, ತಮ್ಮ ಗುರುವನ್ನೇ ಹಳಿದವನಿಗೆ. ಈ ಗೋಪಾಲದಾಸರ ಮನೆಯವರು ಮೊಸರಕಲ್ಲಿನಲ್ಲಿ ದಾಯಾದಿಗಳಿಂದ ಆಸ್ತಿಯನ್ನು ಕಳೆದುಕೊಂಡು ಊರು ಬಿಟ್ಟವರೆಂದು ಸಂಪ್ರದಾಯ ಹೇಳುತ್ತದೆ. ಹೊಲ ಕಳೆದುಕೊಂಡವನು ವರ್ಷಗಳನ್ನು ಕೊಟ್ಟನು.

ಬದುಕಿದವರು ಏನು ಮಾಡಿದರು ಎಂಬುದು ಕಥೆಯಲ್ಲ, ಚರಿತ್ರೆ. ಕನ್ನಡದ ಹಾಡನ್ನು ಕೀಳೆಂದು ಎಣಿಸಿದ್ದ ಪಂಡಿತರು ಭಾಮಿನೀ ಷಟ್ಪದಿಯಲ್ಲಿ, ಮೂವತ್ತೆರಡು ಸಂಧಿಗಳ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲಿಯೇ ಬರೆದರು. ಶಾಸ್ತ್ರವನ್ನು ಸಂಸ್ಕೃತ ಬಲ್ಲವರ ಮನೆಯಿಂದ ಹೊರತಂದು, ಹೆಂಗಸರು ಬೆಳಗಿನ ಕೆಲಸದಲ್ಲಿ ಹಾಡಿಕೊಳ್ಳುವಂತೆ ಮಾಡಿದರು. ಆ ಕನ್ನಡ ಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿ ವ್ಯಾಖ್ಯಾನ ಹುಟ್ಟಿತು! ಹೊಟ್ಟೆನೋವಿಗಿಂತ ಇದು ಹೆಚ್ಚು ಚೆನ್ನಾದ ಪ್ರಾಯಶ್ಚಿತ್ತವಲ್ಲವೆ? ತಮ್ಮ ಮನೆಮಾತಿಗೆ ನಾಚಿಕೊಳ್ಳುವ ಮಕ್ಕಳು ಇಂದೂ ನಮ್ಮ ತರಗತಿಗಳಲ್ಲಿದ್ದಾರೆ. ಅವರು ಈ ಭಾಗವನ್ನು ಕಿವಿಗೊಟ್ಟು ಕೇಳುತ್ತಾರೆ.

ಇದು ಒಂದು ಮತದವರ ಕಥೆ, ಎಲ್ಲ ಮಕ್ಕಳಿಗೂ ಹೇಗೆ ಹೇಳುವುದು ಎಂಬ ಆಕ್ಷೇಪ ಬರುವುದುಂಟು. ಆಕ್ಷೇಪದಲ್ಲಿ ಹುರುಳಿದೆ. ಕಥೆಯಲ್ಲಿ ಬರುವ ಊಟದ ಪಂಕ್ತಿಯಲ್ಲಿ ಆ ಕಾಲಕ್ಕೆ ತರಗತಿಯ ಎಲ್ಲ ಮಕ್ಕಳ ಪೂರ್ವಿಕರಿಗೂ ಎಡೆ ಇರುತ್ತಿರಲಿಲ್ಲ. ಅದನ್ನು ಮರೆಮಾಚುವುದು ಬೇಡ. ಚರಿತ್ರೆಯ ಪಾಠದಲ್ಲಿ ಅದೂ ಒಂದು ಪಾಠ. ಇದೇ ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಅಶೋಕನ ಶಾಸನವಿದೆ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳಿ ಜಗತ್ಪ್ರಸಿದ್ಧವಾದ ಬರೆಹ ಅದು. ಧರ್ಮದ ಫಲ ದೊಡ್ಡವರಿಗಷ್ಟೇ ಎಂದು ತಿಳಿಯಬಾರದು, ಸಣ್ಣವನಿಗೂ ಅದು ದೊರೆಯುತ್ತದೆ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ಭಾವ. ಈ ನೆಲದ ಅತ್ಯಂತ ಹಳೆಯ ನೀತಿಪಾಠ ಇದೇ ಇರಬೇಕು. ಅರಸನು ಅಲ್ಲಿಯೂ ಆಜ್ಞೆಯಿಂದ ತೊಡಗುವುದಿಲ್ಲ; ತಾನು ಬೌದ್ಧನಾಗಿ ಎರಡೂವರೆ ವರ್ಷ ಕಳೆಯಿತೆಂದು ತನ್ನ ಸಂಗತಿಯನ್ನೇ ಮೊದಲು ಹೇಳಿಕೊಳ್ಳುತ್ತಾನೆ.

ಮಕ್ಕಳಿಗೆ ಕಥೆ ಹೇಳುವ ಬಗೆಯನ್ನು ಕನ್ನಡದಲ್ಲಿ ತಿದ್ದಿದವರಲ್ಲಿ ಅಗ್ರಗಣ್ಯರಾದ ಪಂಜೆ ಮಂಗೇಶರಾಯರಿಗೂ ರಾಯಚೂರಿಗೂ ಒಂದು ನಂಟು ಉಂಟು. 1934ರಲ್ಲಿ ಅಲ್ಲಿ ಸೇರಿದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿ, ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ ತಿರುಗಿದವರು. 1937ರಲ್ಲಿ ಹೈದರಾಬಾದಿನಲ್ಲಿ ಕೊನೆಯುಸಿರೆಳೆದರು. ಸಮ್ಮೇಲನ ನಡೆದಾಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಿತು, 1948ರವರೆಗೂ ಇದ್ದಿತು. ವಿದ್ಯಾಭ್ಯಾಸದಲ್ಲಿ ಉರ್ದುವಿಗೇ ಅಗ್ರಸ್ಥಾನ. ಅಂಥ ಊರಿಗೆ ಕನ್ನಡಿಗರು ಒಬ್ಬ ಮಕ್ಕಳ ಕಥೆಗಾರನನ್ನು ಅಧ್ಯಕ್ಷನನ್ನಾಗಿ ಕರೆದುತಂದರೆಂಬುದು ಈಗ ಯೋಚಿಸಿದರೂ ಹಿತವಾಗುತ್ತದೆ. ಪಂಜೆಯವರ ಕಥೆಗಳಲ್ಲಿ ಮೊದಲು ಬರುವುದು ಸದ್ದು, ಆಟ, ನಗು. ಉಪದೇಶ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ತುಳುನಾಡಿನ ಪಾಡ್ದನದಲ್ಲಿದ್ದ ಕೋಟಿ ಚೆನ್ನಯರನ್ನು ಅವರು ಕನ್ನಡದ ಮಕ್ಕಳೆಲ್ಲರಿಗೂ ಕೊಟ್ಟರು. ರಾಯಚೂರು ಸೀಮೆಯ ದಾಸರಿಗೂ ಅಂಥ ಒಬ್ಬ ಕಥೆಗಾರ ಸಿಕ್ಕಿದ್ದರೆ ಎಂದು ಆಸೆಯಾಗುತ್ತದೆ. ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಗೋರೆಬಾಳ ಹನುಮಂತರಾಯರು ದಾಸರ ಪದಗಳನ್ನು ಶ್ರಮಪಟ್ಟು ಪ್ರಕಟಿಸಿದರು, ಹಾಡುಗಳು ಉಳಿದವು. ಕಥೆಗಳು ಇನ್ನೂ ಹೆಚ್ಚಾಗಿ ಬಾಯಲ್ಲಿವೆ.

ಆದ್ದರಿಂದ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಒಪ್ಪಿದವರು ಮಾಡಿ ನೋಡಬಹುದು. ಈ ಕಥೆಯನ್ನು ಎರಡು ದಿನಕ್ಕೆ ಹಂಚುತ್ತೇನೆ. ಮೊದಲ ದಿನ ಆಚಾರ್ಯರ ಪಾಂಡಿತ್ಯ, ವಿಜಯದಾಸರ ಆಹ್ವಾನ, ನೆಪ, ನೋವು. ನೋವನ್ನು ಶಾಪವೆಂದು ಹೇಳದೆ, ಜನ ಹಾಗೆ ಹೇಳಿಕೊಂಡರು ಎಂದಷ್ಟೇ ಹೇಳಿ, ರೋಗಿ ವಿಜಯದಾಸರ ಬಾಗಿಲಲ್ಲಿ ನಿಂತಿರುವಲ್ಲಿಗೆ ನಿಲ್ಲಿಸುತ್ತೇನೆ. ಒಳಗಿನಿಂದ ಅವರು ಏನೆಂದಾರು ಎಂದು ಮಕ್ಕಳು ಮನೆಯಲ್ಲಿ ಯೋಚಿಸಿಕೊಂಡು ಬರಬೇಕು. ಮರುದಿನ ಬರುವ ಉತ್ತರಗಳಲ್ಲಿ ಬೈಗುಳವೂ ಇರುತ್ತದೆ, “ಒಳಗ ಬಾ” ಎಂಬುದೂ ಇರುತ್ತದೆ. ಯಾವುದನ್ನೂ ತಪ್ಪೆಂದು ಗುರುತು ಹಾಕುವುದಿಲ್ಲ. ಆಮೇಲೆ ನಕ್ಷೆಯಲ್ಲಿ ಮಾನ್ವಿಯನ್ನೂ ಮಂತ್ರಾಲಯವನ್ನೂ ಉತ್ತನೂರನ್ನೂ ತೋರಿಸಿ, ಹೊಟ್ಟೆ ಹಿಡಿದುಕೊಂಡ ಮನುಷ್ಯನು ಇಷ್ಟು ದೂರವನ್ನು ಹೇಗೆ ಕ್ರಮಿಸಿರಬೇಕೆಂದು ಮಾತನಾಡಿ, ಗೋಪಾಲದಾಸರ ಮನೆಗೆ ಬರುತ್ತೇವೆ. ನೀತಿಯನ್ನು ಯಾರೂ ಬರೆಯುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಬಹುದು ಎನ್ನುತ್ತೇನೆ. ನಲವತ್ತು ವರ್ಷ ಕೊಟ್ಟ ಮೇಲೆ ಗೋಪಾಲದಾಸರ ಮನೆಯವರು ಅತ್ತರೇ ಎಂದು ಒಮ್ಮೆ ಒಬ್ಬ ಹುಡುಗ ಕೇಳಿದ್ದುಂಟು. ಸಾಮಾನ್ಯವಾಗಿ ಬರುವ ಮೊದಲನೆಯ ಪ್ರಶ್ನೆ ಮಾತ್ರ, ಆ ರೊಟ್ಟಿಯೊಡನೆ ನಂಚಿಕೊಳ್ಳಲು ಏನಿತ್ತು ಎಂಬುದು. ಪುಂಡಿಪಲ್ಯವೇ ಇದ್ದಿರಬೇಕೆಂದು ದೇವದುರ್ಗದ ಕಡೆಯ ಮಕ್ಕಳು ತೀರ್ಮಾನಿಸುತ್ತಾರೆ. ಮಾನ್ವಿಯವರು ಅದಕ್ಕೆ ಒಂದು ಹಸಿಮೆಣಸಿನಕಾಯಿಯನ್ನು ಸೇರಿಸುತ್ತಾರೆ.